ಕಪ್ಪು ಪ್ಲಗ್ಗು, ಬಿಳಿ ಪ್ಲಗ್ಗು

ಮಾರ್ಚ್ 4

ತಮ್ಮಾ,

ಈ ಪೆಟ್ಟಿಗೆಯಲ್ಲಿ ಎಂಟು ಸ್ಪಾರ್ಕ್ ಪ್ಲಗ್ಗುಗಳಿವೆ. ಯಾವುದು ಯಾವ ಸಿಲಿಂಡರಿನದು ಎಂದು ಚೀಟಿ ಕಟ್ಟಿದ್ದೇನೆ. ಫೋನಿನಲ್ಲಿ ಹೇಳಿದರೆ "ಎಂಜಿನ್ ವಿಷಯ ಬಾಯಲ್ಲಿ ಬೇಡ, ಬರೆದು ಕಳಿಸು" ಎಂದು ಗದರುತ್ತೀಯಲ್ಲ, ಅದಕ್ಕೇ ಕಾಗದ.

ಡಿಸೆಂಬರಿನಲ್ಲಿ ನಿನ್ನ ವರ್ಕ್‌ಶಾಪಿನಿಂದ ಎಂಜಿನ್ ಬಿಚ್ಚಿ ಜೋಡಿಸಿಕೊಂಡು ಬಂದಾಗಿನಿಂದ ಈ ವಿಮಾನದ ನಡತೆ ನನಗೆ ಅರ್ಥವಾಗುತ್ತಿಲ್ಲ. ಹೊಸದಾಗಿ ಬಂದಿರುವ ಪೈಲಟ್ ಹುಡುಗಿಗೆ ಮೊನ್ನೆ ಪಾಠ ಹೇಳುತ್ತಿದ್ದೆ. ಅವಳನ್ನು ಇಲ್ಲಿ ಎಲ್ಲರೂ ಗುಬ್ಬಿ ಅನ್ನುತ್ತಾರೆ. "ಮೇಲೆ ಹೋದ ಹಾಗೆ ಗಾಳಿ ತೆಳ್ಳಗಾಗುತ್ತೆ ಕಣೇ. ಪೆಟ್ರೋಲ್ ಮಾತ್ರ ಅಷ್ಟೇ ಬರ್ತಾ ಇರುತ್ತೆ. ಎಂಜಿನ್ನಿಗೆ ಅಜೀರ್ಣ ಆಗುತ್ತೆ. ಅದಕ್ಕೇ ಈ ಕೆಂಪು ನಾಬ್ ಮೆಲ್ಲಗೆ ಹೊರಗೆಳೆದು ಪೆಟ್ರೋಲ್ ಕಮ್ಮಿ ಮಾಡೋದು. ಎಳೀತಾ ಎಳೀತಾ ಒಂದು ಕಡೆ ಎಂಜಿನ್ ಗುರುಗುಟ್ಟುತ್ತೆ. ಆಗ ಕೂದಲೆಳೆಯಷ್ಟು ಒಳಗೆ ತಳ್ಳು. ಅಷ್ಟೇ ವಿದ್ಯೆ" ಅಂದೆ.

ಪಾಠವೇನೋ ಚೆನ್ನಾಗಿಯೇ ಹೇಳಿದೆ. ನಾನೇ ಎಳೆಯಹೋದರೆ ಆ ಗುರುಗುಟ್ಟುವಿಕೆ ಬರುವುದೇ ಇಲ್ಲ. ಕಿವಿಗೆ ಹೆಡ್‌ಫೋನ್ ಏರಿಸಿದ ಮೇಲೆ ನಾನು ಎಂಜಿನ್ನಿನ ಮಾತು ಕೇಳಿಸಿಕೊಳ್ಳುವುದು ಅಂಗಾಲಿನಿಂದ. ಮೂವತ್ತು ವರ್ಷದಿಂದ ತೆಳು ಅಟ್ಟೆಯ ಬೂಟು ಹಾಕುತ್ತಿರುವುದೇ ಅದಕ್ಕೆ. ಸುತ್ತು ತೋರಿಸುವ ಮುಳ್ಳಂತೂ ಕುಡಿದವರ ಹಾಗೆ ತೂಗಾಡುತ್ತದೆ, ಬದಲಿಸಿಕೊಡು ಎಂದು ಎಷ್ಟು ಸಲ ಕೇಳಿದ್ದೇನೆ! ಈಗ ಎಳೆದಷ್ಟೂ ಎಂಜಿನ್ ಬೆಣ್ಣೆಯ ಹಾಗೆ ಓಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಕೈಬಿಡುತ್ತದೆ. ಏನು ಮಾಡಿದ್ದೀಯೋ ಅದಕ್ಕೆ?

ಬೆಟ್ಟದಿಂದ ಕೆಳಗಿನ ಆಸ್ಪತ್ರೆಗೆ ರೋಗಿಗಳನ್ನು ಇಳಿಸುವ ಕೆಲಸ ಒಂದು ದಿನವೂ ನಿಂತಿಲ್ಲ. ಎಂದಿನಂತೆಯೇ ಹಾರಿಸುತ್ತಿದ್ದೇನೆ. ಬೇಗ ಉತ್ತರ ಬರೆ.

ನಿನ್ನ ಅಕ್ಕ


ಮಾರ್ಚ್ 13

ಅಕ್ಕಾ,

ಪ್ಲಗ್ಗು ಬಂದವು. ಎಂಟಕ್ಕೆ ಎಂಟೂ ಮಸಿ. ಬೆರಳಿಟ್ಟರೆ ಬೆರಳು ಕಪ್ಪಾಗುತ್ತದೆ. ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿ ಉರಿದ ಗುರುತು ಇದು. ಕಾರ್ಬೊರೇಟರಿನ ತೇಲುಗುಂಡು ಅಂಟಿಕೊಂಡು ಪೆಟ್ರೋಲ್ ಮೇಲೇರುತ್ತಿರಬಹುದು. ತೊಳೆದು ಸರಿಮಾಡಿದ ಇನ್ನೊಂದು ಕಾರ್ಬೊರೇಟರನ್ನೂ ಒಂದು ಸೆಟ್ ಹೊಸ ಪ್ಲಗ್ಗನ್ನೂ ಕಳಿಸಿದ್ದೇನೆ. ಕೆಳಗಿನ ಮೈದಾನದ ಮೆಕ್ಯಾನಿಕ್ ಕೈಯಲ್ಲಿ ಹಾಕಿಸು.

ಕೋಪ ಮಾಡಿಕೊಳ್ಳಬೇಡ, ಕೇಳಲೇಬೇಕು: ಮೇಲೆ ಹೋದ ಮೇಲೆ ಕೆಂಪು ನಾಬ್ ಎಳೆಯುತ್ತಿದ್ದೀಯ ತಾನೇ?

ಇನ್ನೊಂದು. ಸಿಲಿಂಡರಿಗೆ ಗಾಳಿ ಪೆಟ್ರೋಲ್ ಒಯ್ಯುವ ಇಂಟೇಕ್ ಪೈಪು ಕೂರುವ ಕಡೆ ಎಲ್ಲಾದರೂ ನೀಲಿ ಕಲೆ ಕಾಣುತ್ತದೆಯೇ? ಮೂರನೇ ಸಿಲಿಂಡರಿನ ಹತ್ತಿರ ವಿಶೇಷವಾಗಿ ನೋಡು. ಸುಮ್ಮನೆ ಕೇಳಿದೆ.

ತಮ್ಮ


ಮಾರ್ಚ್ 29

ತಮ್ಮಾ,

ಕಾರ್ಬೊರೇಟರ್ ಬದಲಾಯಿತು, ವಿಮಾನದ ಬುದ್ಧಿ ಬದಲಾಗಲಿಲ್ಲ. ಅದೇ ಬೆಣ್ಣೆ, ಅದೇ ಕೈಕೊಡುವಿಕೆ.

ನಾಬ್ ಎಳೆಯುತ್ತೀಯಾ ಎಂದು ಕೇಳುತ್ತೀಯಲ್ಲ, ನಿನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವಳು ಯಾರು? ಅಪ್ಪನ ಹಳೆಯ ಮೋಟಾರ್ ಸೈಕಲ್ಲಿನ ಮುಂದೆ ಮೂಗು ಸುರಿಸಿಕೊಂಡು ಕೂತಿದ್ದವನು ನೀನು. ಎಳೆಯುತ್ತೇನೆ. ಬರೆದುಕೋ.

ನೀಲಿ ಕಲೆ ಗಿಲೆ ಏನೂ ಇಲ್ಲ. ಇದ್ದರೆ ತಾನೇ ಏನು? ಅಷ್ಟು ಬಿಡಿಸಿ ಮೂರನೇ ಸಿಲಿಂಡರ್ ಎಂದು ಯಾಕೆ ಬರೆದೆ?

ಅಕ್ಕ

(ಭಾವಮೈದುನನಿಗೆ ಭಾವನ ಎರಡು ಸಾಲು: ನಿನ್ನ ಅಕ್ಕ ಬಿಸಿನೀರಿನ ಚೀಲದಿಂದ ಕಾಲು ಸುಟ್ಟುಕೊಂಡಿದ್ದಾಳೆ. ಅಂಗಾಲಿನ ತುಂಬ ಬೊಬ್ಬೆ. ಅದನ್ನು ಮೊದಲು ನೋಡಿದವನು ನಾನು, ಅವಳಲ್ಲ. ಹೇಳಿದರೆ "ಅಷ್ಟೇನಿಲ್ಲ ಬಿಡಿ" ಅನ್ನುತ್ತಾಳೆ. ನಿನ್ನ ಮಾತಾದರೂ ಕೇಳಿಯಾಳು.)


ಏಪ್ರಿಲ್ 7

ಅಕ್ಕಾ,

ಕಾಲಿಗೆ ಮುಲಾಮು ಹಚ್ಚು, ಭಾವನ ಮಾತು ಕೇಳು.

ಮೂರನೇ ಸಿಲಿಂಡರ್ ಎಂದದ್ದಕ್ಕೆ ಕಾರಣವೇನೂ ಇಲ್ಲ. ಇಪ್ಪತ್ತೈದು ಗಂಟೆ ಹಾರಿಸಿದ ಮೇಲೆ ಮತ್ತೆ ಪ್ಲಗ್ಗು ಕಳಿಸು. ಮಸಿ ಎಲ್ಲಿಂದ ಬರುತ್ತಿದೆ ಎಂದು ಯೋಚಿಸಿ ಯೋಚಿಸಿ ತಲೆ ಮೊಸರುಗಡಿಗೆಯಾಗಿದೆ.

ತಮ್ಮ


ಏಪ್ರಿಲ್ 24

ತಮ್ಮಾ,

ಪ್ಲಗ್ಗು ಕಳಿಸಿದ್ದೇನೆ. ಈ ಸಲ ನಿನ್ನ ಮನಸ್ಸಿಗೆ ತೃಪ್ತಿಯಾಗುವಷ್ಟು ಎಳೆದಿದ್ದೇನೆ.

ಸೋಮವಾರ ಒಂದು ವಿಚಿತ್ರವಾಯಿತು. ಹಿಂದಿನ ಸೀಟಿನಲ್ಲಿ ಬೆಟ್ಟದ ನರ್ಸಮ್ಮ, ಜೊತೆಗೆ ಕಾಮಾಲೆಯ ಹುಡುಗಿಯೊಬ್ಬಳು. ನಾಬ್ ಎಳೆದೆ, ಏನೂ ಇಲ್ಲ. ಇನ್ನೊಂದಿಷ್ಟು ಎಳೆದೆ, ಏನೂ ಇಲ್ಲ. ಮತ್ತೂ ಎಳೆದೆ. ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ನಾಬ್ ಪೂರ್ತಿ ಒಳಗೆ ತಳ್ಳಿದ ಮೇಲೆ ಹಿಡಿದುಕೊಂಡಿತು.

"ಏನಾಯ್ತಮ್ಮ?" ಅಂದರು ನರ್ಸಮ್ಮ.

"ಏನಿಲ್ಲ, ಪರೀಕ್ಷೆ ಮಾಡಿದೆ."

"ನಾವು ಇಳಿದ ಮೇಲೆ ಮಾಡಿ ಪರೀಕ್ಷೆನ" ಅಂದರು. ನಕ್ಕೆ. ಇಳಿಯುವವರೆಗೂ ಮತ್ತೆ ನಾಬ್ ಮುಟ್ಟಲಿಲ್ಲ.

ಮುನ್ಸೂಚನೆಯೇ ಕೊಡದೆ ಸಾಯುವ ಎಂಜಿನ್ ಎಲ್ಲಾದರೂ ಉಂಟೇ? ನೀನೇ ಹೇಳು, ಯಾಕೆಂದರೆ ನನಗಂತೂ ಹೊಳೆಯುತ್ತಿಲ್ಲ.

ಅಕ್ಕ


ಮೇ 3

ಅಕ್ಕಾ,

ಪೆಟ್ಟಿಗೆ ಬಿಚ್ಚಿ ಕೂತವನು ಅರ್ಧ ಗಂಟೆ ಏಳಲಿಲ್ಲ. ಮಾರ್ಚಿನಲ್ಲಿ ಮಸಿ, ಈಗ ಸುಣ್ಣ! ಎಂಟೂ ಬೆಳ್ಳಗೆ ಸುಟ್ಟು ಬಂದಿವೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಒಂದೇ ಎಂಜಿನ್ ಒಂದು ತಿಂಗಳು ಹೊಟ್ಟೆಬಾಕ, ಇನ್ನೊಂದು ತಿಂಗಳು ಉಪವಾಸ. ಇಪ್ಪತ್ತೆರಡು ವರ್ಷದಲ್ಲಿ ನಾನು ಇಂಥದ್ದು ಕಂಡಿಲ್ಲ.

ಎಲ್ಲಿಂದಲೋ ಹೊರಗಿನ ಗಾಳಿ ನುಗ್ಗುತ್ತಿರಬಹುದು. ದಯವಿಟ್ಟು ನನ್ನ ಮಾತು ಕೇಳು. ಇಂಟೇಕ್ ಪೈಪಿನ ಎಂಟೂ ನಟ್ಟುಗಳನ್ನು ಮೆಕ್ಯಾನಿಕ್ ಸ್ಪ್ಯಾನರ್ ಹಾಕಿ ನೋಡುವವರೆಗೆ ವಿಮಾನವನ್ನು ನೆಲ ಬಿಡಿಸಬೇಡ. ಯಾಕೆಂದು ಕೇಳಬೇಡ. ಒಂದೇ ದಿನದ ಕೆಲಸ.

ತಮ್ಮ


ಮೇ 12

ತಮ್ಮಾ,

ವಿಮಾನ ನಿಲ್ಲಿಸು ಎಂದು ಅಪ್ಪಣೆ ಕೊಡಿಸುತ್ತೀಯ, ಯಾಕೆಂದು ಕೇಳಬಾರದು! ಇಲ್ಲಿ ನಿಲ್ಲಿಸಿದರೆ ರೋಗಿಗಳು ಹೊರುವವರ ಬೆನ್ನ ಮೇಲೆ ಒಂಬತ್ತು ಗಂಟೆ ಬೆಟ್ಟ ಇಳಿಯಬೇಕು. ನಟ್ಟು ಮುಟ್ಟಿಸಿಲ್ಲ, ಮುಟ್ಟಿಸುವುದೂ ಇಲ್ಲ. ನನ್ನ ಕೈಮೇಲೆ ನಿನಗೆ ಅನುಮಾನವಿದ್ದರೆ ನೇರವಾಗಿ ಹೇಳು, ನಟ್ಟಿನ ಹೆಸರಲ್ಲಿ ಬೇಡ.

ನನಗೆ ಶೀತವಾಗಿ ಹತ್ತು ದಿನ ಮಲಗಿದ್ದೆ. ಅಷ್ಟು ದಿನವೂ ಗುಬ್ಬಿಯೇ ಹಾರಿಸಿದಳು. "ಹೇಗಿದೆ ಎಂಜಿನ್?" ಅಂದರೆ "ಚೆನ್ನಾಗಿದೆಯಲ್ಲ ಮೇಡಂ, ನೀವು ಹೇಳಿಕೊಟ್ಟ ಹಾಗೇ ಗುರುಗುಟ್ಟುತ್ತೆ" ಅಂದಳು. ಹೊಸಬಳು, ಏನು ಗೊತ್ತಾಗುತ್ತೆ ಅವಳಿಗೆ. ಅವಳು ಹಾರಿಸಿದ ಪ್ಲಗ್ಗುಗಳು ಇದರಲ್ಲಿವೆ, ನೋಡು.

ಅಕ್ಕ


ಮೇ 20

ಅಕ್ಕಾ,

ಗುಬ್ಬಿಯ ಪ್ಲಗ್ಗುಗಳು ತಿಳಿ ಕಂದು. ಪುಸ್ತಕದಲ್ಲಿ ಚಿತ್ರ ಹಾಕುತ್ತಾರಲ್ಲ, ಹೀಗಿರಬೇಕು ಎಂದು, ಹಾಗೆ.

ಈಗ ನನ್ನ ಬೆಂಚಿನ ಮೇಲೆ ಮೂರು ಸಾಲು ಪ್ಲಗ್ಗು. ಕಪ್ಪು, ಬಿಳಿ, ಕಂದು. ಒಂದೇ ಎಂಜಿನ್ನಿನ ಮಕ್ಕಳು ಎಂದರೆ ಯಾರೂ ನಂಬುವುದಿಲ್ಲ. ಗಾಳಿ ನುಗ್ಗುತ್ತಿದ್ದರೆ ಗುಬ್ಬಿ ಹಾರಿಸಿದಾಗಲೂ ನುಗ್ಗಬೇಕಿತ್ತು. ಅವಳಿಗೆ ಮಾತ್ರ ಸರಿ ಹೋಗಿದ್ದು ಹೇಗೆ? ಅಥವಾ ನಟ್ಟು ಒಮ್ಮೆ ಸಡಿಲ, ಒಮ್ಮೆ ಬಿಗಿ ಆಗುತ್ತದೆಯೇ? ಒಂದು ಕಡೆ ಯೋಚಿಸಿದರೆ ಸಮಾಧಾನ, ಇನ್ನೊಂದು ಕಡೆ ಯೋಚಿಸಿದರೆ ಎದೆ ಧಸಕ್ಕೆನ್ನುತ್ತದೆ.

ಬೈದರೂ ಸರಿ, ಕೇಳುತ್ತೇನೆ. ನಿನ್ನ ಕಣ್ಣು ಹೇಗಿದೆ? ಕನ್ನಡಕ ಬದಲಿಸಿ ಎಷ್ಟು ದಿನವಾಯಿತು? ನಾಬ್ ಎಷ್ಟು ಹೊರಗಿದೆ ಎಂದು ಸರಿಯಾಗಿ ಕಾಣುತ್ತದೆಯೇ?

ತಮ್ಮ


ಮೇ 26

ನನ್ನ ಕಣ್ಣು ಹದ್ದಿನ ಕಣ್ಣು. ಆಗಸ್ಟಿನಲ್ಲಿ ಡಾಕ್ಟರ್ ನೋಡಿ ಸಹಿ ಹಾಕಿದ್ದಾರೆ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನಬೇಕೆಂದಿದ್ದರೆ ಅಂದುಬಿಡು. ಇನ್ನು ಪ್ಲಗ್ಗು ಕಳಿಸುವುದಿಲ್ಲ.

ಅಕ್ಕ


ಜೂನ್ 2

ಅಕ್ಕಾ,

ಗುಬ್ಬಿ ಫೋನ್ ಮಾಡಿ ಅಪಘಾತದ ಸುದ್ದಿ ಹೇಳಿದಳು. ನೀನು ಬದುಕಿದ್ದೀಯ, ಎಲ್ಲರೂ ಬದುಕಿದ್ದಾರೆ ಎಂದು ನಾಲ್ಕು ಸಲ ಹೇಳಿಸಿಕೊಂಡೆ. ನಿನಗೆ ಫೋನ್ ಕೊಡುತ್ತೇನೆ ಅಂದಳು. ಬೇಡ ಅಂದೆ. ಇದನ್ನು ಬಾಯಲ್ಲಿ ಹೇಳಲು ನನ್ನಿಂದಾಗದು.

ಡಿಸೆಂಬರ್ ಹದಿನಾಲ್ಕರಂದು ನಿನ್ನ ಎಂಜಿನ್ನಿಗೆ ಇಂಟೇಕ್ ಪೈಪು ಜೋಡಿಸುತ್ತಿದ್ದೆ. ಮೂರನೇ ಸಿಲಿಂಡರಿನ ನಟ್ಟು ಕೈಯಲ್ಲಿ ತಿರುಗಿಸಿ ಕೂರಿಸಿದ್ದೆ, ಸ್ಪ್ಯಾನರ್ ಹಾಕಬೇಕಿತ್ತು. ಅಷ್ಟರಲ್ಲಿ ಮಗಳ ಶಾಲೆಯಿಂದ ಫೋನ್, ಮೆಟ್ಟಿಲಿನಿಂದ ಬಿದ್ದಿದ್ದಾಳೆ ಎಂದು. ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಿದೆ. ಮರುದಿನ ಬಂದು ಮುಂದಿನ ಕೆಲಸ ಹಿಡಿದೆ, ಪುಸ್ತಕಕ್ಕೆ ಸಹಿ ಹಾಕಿದೆ. ಆ ನಟ್ಟು ಬಿಗಿದೆನೋ ಇಲ್ಲವೋ, ಆಣೆಗೂ ನೆನಪಿಲ್ಲ. "ಏನು ಮಾಡಿದ್ದೀಯೋ ಅದಕ್ಕೆ" ಎಂದು ನೀನು ಮಾರ್ಚಿನಲ್ಲಿ ಬರೆದಾಗ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಹೇಳಬೇಕಿತ್ತು. ನಟ್ಟು ಸಡಿಲವಿದ್ದರೆ ಪೆಟ್ರೋಲಿನ ನೀಲಿ ಬಣ್ಣ ಅಲ್ಲಿ ಕಲೆಯಾಗಿ ನಿಲ್ಲುತ್ತದೆ ಎಂದು ಬಿಡಿಸಿ ಹೇಳದೆ, ನೀಲಿ ಕಲೆ, ಸುಮ್ಮನೆ ಕೇಳಿದೆ, ಎಂದೆಲ್ಲ ಸುತ್ತಿ ಬಳಸಿದೆ.

ತನಿಖೆಯ ಅಧಿಕಾರಿಗೆ ಇವತ್ತು ಬೆಳಿಗ್ಗೆ ಎಲ್ಲ ಬರೆದು ಕಳಿಸಿದ್ದೇನೆ. ತಪ್ಪು ನನ್ನದು. ನಿನ್ನ ಮೇಲೆ ಮಾತು ಬಾರದ ಹಾಗೆ ಬರೆದಿದ್ದೇನೆ.

ನಿನ್ನ ಕೈಮೇಲೆ ನನಗೆ ಯಾವತ್ತೂ ಅನುಮಾನವಿರಲಿಲ್ಲ ಅಕ್ಕ.

ತಮ್ಮ


ಜೂನ್ 2

ತಮ್ಮಾ,

ಗುಬ್ಬಿ ನಿನಗೆ ಹೇಳಿರುತ್ತಾಳೆ. ಉಳಿದದ್ದನ್ನು ನಾನು ಹೇಳುತ್ತೇನೆ.

ಶುಕ್ರವಾರ ನಡುಮಧ್ಯಾಹ್ನ. ನೆಲ ಕಾದು ಗಾಳಿ ಇನ್ನಷ್ಟು ತೆಳುವಾಗಿತ್ತು. ಕಾಲು ಮುರಿದುಕೊಂಡ ಗಾರೆಯವನು, ಅವನ ತಂಗಿ, ನಾನು. ನಮ್ಮ ರನ್‌ವೇ ಇರುವ ಎತ್ತರದಲ್ಲಿ ನೆಲದ ಮೇಲೇ ನಾಬ್ ಎಳೆದು ಹದ ಮಾಡಿಕೊಂಡು ಏಳಬೇಕು. ನಾನು ಎಳೆಯಲಿಲ್ಲ. ಪೂರ್ತಿ ಒಳಗೇ ಇತ್ತು. ಎಂಜಿನ್ ಪೆಟ್ರೋಲ್ ಕುಡಿದು ಕುಡಿದು ಏದುಸಿರು ಬಿಡುತ್ತಿತ್ತು. ರನ್‌ವೇ ಮುಗಿಯಿತು, ವಿಮಾನ ಆಳೆತ್ತರವೂ ಏರಲಿಲ್ಲ. ಚಕ್ರ ಕಲ್ಲಿನ ಗೋಡೆಗೆ ಬಡಿದು ಆಚೆಯ ಹುಲ್ಲಿನಲ್ಲಿ ಮೂಗು ನೆಟ್ಟೆವು. ಕಾಲು ಮುರಿದಿದ್ದವನಿಗೆ ಈಗ ಕೈಯೂ ಮುರಿದಿದೆ. ಅವನ ತಂಗಿ ನನ್ನ ಕಡೆ ನೋಡಿ "ನಿಮಗೇನೂ ಆಗಿಲ್ಲ ತಾನೇ ಮೇಡಂ?" ಅಂದಳು. ಅದೊಂದು ಮಾತು ನನ್ನನ್ನು ಕೊಲ್ಲುತ್ತಿದೆ.

ಯಾಕೆ ಎಳೆಯಲಿಲ್ಲ? ಹೆದರಿಕೆ. ನನ್ನ ಅಂಗಾಲು ಸತ್ತಿದೆ ಕಣೋ. ಕಳೆದ ವರ್ಷದ ಕೊನೆಯಿಂದ ಜೋಮು. ಮೊದಮೊದಲು ಬೂಟಿನ ತಪ್ಪು ಅಂದುಕೊಂಡೆ. ಆಮೇಲೆ ಎಂಜಿನ್ನಿನ ತಪ್ಪು ಅಂದುಕೊಂಡೆ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಎಂಜಿನ್ ಗುರುಗುಟ್ಟುತ್ತಲೇ ಇತ್ತು, ನನಗೆ ತಲುಪುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಮಾರ್ಚಿನಲ್ಲಿ ನಾಬ್ ಮುಟ್ಟುವುದನ್ನೇ ಬಿಟ್ಟಿದ್ದೆ, ಅದು ನಿನ್ನ ಮಸಿ. ನೀನು ಕೇಳಿದ್ದಕ್ಕೆ ಮಾನ ಹೋಗಿ ಏಪ್ರಿಲಿನಲ್ಲಿ ಕಣ್ಣುಮುಚ್ಚಿ ಎಳೆದೆ, ಅದು ನಿನ್ನ ಸುಣ್ಣ. ಬೊಬ್ಬೆ ನೋಡಿದ ನರ್ಸಮ್ಮ ರಕ್ತ ಪರೀಕ್ಷೆ ಮಾಡಿ "ಸಕ್ಕರೆ ಮಿತಿಮೀರಿದೆ, ಕೆಳಗೆ ಹೋಗಿ ತೋರಿಸಿಕೊಳ್ಳಿ" ಅಂದರು. ಯಾರಿಗೂ ಹೇಳಬೇಡಿ ಎಂದು ಅವರ ಕೈ ಹಿಡಿದುಕೊಂಡೆ. ಆ ಹತ್ತು ದಿನದ ಶೀತ, ಶೀತವಲ್ಲ. ಬೊಬ್ಬೆ ಕೀವಾಗಿತ್ತು.

ನಿನಗೆ ಬರೆದದ್ದರಲ್ಲಿ ಎಷ್ಟು ಸುಳ್ಳು, ಎಷ್ಟು ನಾನೇ ನಂಬಿಕೊಂಡದ್ದು ಎಂದು ಈಗ ಬಿಡಿಸಿ ಹೇಳಲೂ ಆಗುತ್ತಿಲ್ಲ.

ಅಧಿಕಾರಿಗೆ "ಎಂಜಿನ್ ಶಕ್ತಿ ಕೊಡಲಿಲ್ಲ" ಎಂದಷ್ಟೇ ಹೇಳಿದ್ದೇನೆ. ಅದೇನೂ ಸುಳ್ಳಲ್ಲವಲ್ಲ. ವಿಮಾನದಿಂದ ಕೆಳಗಿಳಿಸಿಬಿಟ್ಟರೆ ನಾನು ಯಾರು ಎಂದು ನನಗೆ ಗೊತ್ತಿಲ್ಲ ತಮ್ಮಾ. ಓದಿ ಹರಿದುಬಿಡು.

ಅಕ್ಕ


ಜೂನ್ 10

ಅಕ್ಕಾ,

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನಿನ್ನದು ಬರುವ ಹೊತ್ತಿಗೆ ಇಬ್ಬರು ಬಂದು ವರ್ಕ್‌ಶಾಪಿನ ಬಾಗಿಲಿಗೆ ಮೊಹರು ಹಾಕಿ ಹೋಗಿದ್ದರು. ತನಿಖೆ ಮುಗಿಯುವವರೆಗೆ ಯಾವ ಎಂಜಿನ್ನನ್ನೂ ಮುಟ್ಟುವಂತಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ನಿನ್ನ ಕಾಗದ ಓದಿದೆ.

ಮೊದಲು ಕೋಪ ಬಂತು. ಭಾವ ಕಾಲಿನ ವಿಷಯ ಬರೆದಾಗ ನಾನು ಮುಲಾಮು ಹಚ್ಚು ಎಂದು ಒಂದು ಸಾಲು ಗೀಚಿದ್ದು ನೆನಪಾಯಿತು. ಆಮೇಲೆ ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ತಿಳಿಯಲಿಲ್ಲ.

ಮೊಹರು ನೋಡಿದಾಗಿನಿಂದ, ಅಧಿಕಾರಿಗೆ ಬರೆದದ್ದನ್ನು ವಾಪಸ್ ತೆಗೆದುಕೋ ಅಂತಾಳೆ ಮನೆಯವಳು. ಹೇಗೆ ತೆಗೆದುಕೊಳ್ಳಲಿ? ನಿನ್ನ ಕಾಲು ಸತ್ತಿದ್ದರೂ ನನ್ನ ನಟ್ಟು ಸಡಿಲವೇ ಇದ್ದಿರಬಹುದು. ಎರಡೂ ನಿಜವಾಗಿರಬಹುದು. ಒಂದೂ ಅಲ್ಲದೆಯೂ ಇರಬಹುದು.

ನಿನ್ನ ಕಾಗದ ಹರಿದಿಲ್ಲ. ಯಾರಿಗೂ ತೋರಿಸಿಯೂ ಇಲ್ಲ. ಏನು ಮಾಡಬೇಕೆಂದು ನಾನು ಹೇಳುವುದಿಲ್ಲ, ನೀನು ದೊಡ್ಡವಳು.

ತಮ್ಮ


ಜೂನ್ 17

ತಮ್ಮಾ,

ನಿನ್ನ ಜೂನ್ ಎರಡರ ಕಾಗದ ತಲುಪಿದ ದಿನ ಊಟ ಸೇರಲಿಲ್ಲ. ಮೊಹರಿನ ಸುದ್ದಿ ಬಂದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನಿನ್ನ ಭಾವನನ್ನು ಕರೆದುಕೊಂಡು ಮಂಗಳವಾರ ಅಧಿಕಾರಿಯ ಕಚೇರಿಗೆ ಹೋದೆ. ಬೆಂಚು, ಫ್ಯಾನು, ಮೇಜಿನ ಮೇಲೆ ನಿನ್ನ ಅಕ್ಷರದ ಅರ್ಜಿ.

"ಸರ್, ಇದು ತಪ್ಪು. ನನ್ನ ಕಾಲಿಗೆ ಸ್ಪರ್ಶ ಇಲ್ಲ" ಅಂದೆ. ಬೂಟು ಬಿಚ್ಚಿ ತೋರಿಸಿದೆ. ನರ್ಸಮ್ಮನ ಚೀಟಿಯನ್ನೂ ಕೊಟ್ಟೆ.

ಆತ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇಷ್ಟು ವರ್ಷದ ಸರ್ವಿಸಿನಲ್ಲಿ ತಪ್ಪು ನಂದಲ್ಲ ಅನ್ನೋರನ್ನೇ ನೋಡಿದ್ದೀನಿ. ಇದೇನಮ್ಮ, ಅಕ್ಕ ತಮ್ಮ ತಪ್ಪು ನಂದು ತಪ್ಪು ನಂದು ಅಂತ ಪೈಪೋಟಿಗೆ ಬಿದ್ದಿದ್ದೀರಾ?"

"ಅವನ ನಟ್ಟು?" ಅಂದೆ.

ಕಡತ ತೆರೆದು ಓದಿದರು. ಎಂಟೂ ನಟ್ಟು ಬಿಗಿ. ಬಿಗಿದ ಮೇಲೆ ನೀನು ಎಳೆಯುತ್ತೀಯಲ್ಲ ಹಳದಿ ಬಣ್ಣದ ಗೆರೆ, ಅದು ಎಂಟರ ಮೇಲೂ ಇತ್ತಂತೆ. ಮೂರನೆಯದರ ಮೇಲೂ. ಬಿಗಿದಿದ್ದೀಯ ಕಣೋ, ಮರೆತಿದ್ದೀಯ ಅಷ್ಟೇ. ಮೇ ತಿಂಗಳಲ್ಲಿ ನಾನು ಹಟ ಬಿಟ್ಟು ಮೆಕ್ಯಾನಿಕ್ ಕೈಯಲ್ಲಿ ನೋಡಿಸಿದ್ದರೆ ನಿನಗೆ ಅವತ್ತೇ ಗೊತ್ತಾಗುತ್ತಿತ್ತು. ತಪ್ಪು ಯಾರದೆಂದು ನನಗೂ ಅವತ್ತೇ ಒಪ್ಪಿಕೊಳ್ಳಬೇಕಾಗುತ್ತಿತ್ತು. ಬಹುಶಃ ಅದಕ್ಕೇ ನೋಡಿಸಲಿಲ್ಲ.

ಲೈಸೆನ್ಸ್ ಅವರ ಮೇಜಿನ ಮೇಲಿಟ್ಟು ಬಂದೆ. ವಾಪಸ್ ಬರುತ್ತದೋ ಇಲ್ಲವೋ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಆಸ್ಪತ್ರೆಗೆ ಹೋಗಿ ಗಾರೆಯವನ ಮಂಚದ ಪಕ್ಕ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮೊದಲೇ ಹೇಳಬಾರದಿತ್ತಾ?" ಅಂದ. ಅಷ್ಟೇ. ಅವನ ತಂಗಿ ಮುಖ ಆಚೆ ತಿರುಗಿಸಿದಳು.

ಅಕ್ಕ


ಜೂನ್ 25

ಅಕ್ಕಾ,

ನಿನ್ನೆ ಮೊಹರು ತೆಗೆದರು. ಒಳಗೆ ಹೋಗಿ ಬೆಂಚಿನ ಮುಂದೆ ನಿಂತೆ, ಸಂತೋಷವಾಗಬೇಕಿತ್ತು. ಮೂರು ತಿಂಗಳು ಮಾಡದ ತಪ್ಪನ್ನು ಮಾಡಿದ್ದೇನೆಂದು ನಂಬಿದ್ದೆನಲ್ಲ, ಇನ್ನು ಮಾಡಿದ ಯಾವ ಕೆಲಸವನ್ನು ನಂಬಲಿ ಎಂದು ದಿಗಿಲಾಯಿತು. ಸಂಜೆಯವರೆಗೆ ಬೇರೆಯವರ ಎಂಜಿನ್ನಿನ ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿದೆ.

ನಿನ್ನ ಮೇಲಿನ ಕೋಪ ಇನ್ನೂ ಇದೆ. ಇಳಿದ ಮೇಲೆ ಹೇಳುತ್ತೇನೆ. ಡಾಕ್ಟರ್ ಏನೆಂದರು? ಎಲ್ಲ ಬರೆ, ಒಂದನ್ನೂ ಬಿಡಬೇಡ.

ತಮ್ಮ


ಜುಲೈ 8

ತಮ್ಮಾ,

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಾಯ ಒಣಗಲು ಆರು ವಾರ. ಸಕ್ಕರೆಗೆ ಮಾತ್ರೆ, ದಿನಾ ನಡಿಗೆ. ಸ್ಪರ್ಶ ಮರಳಿ ಬರುತ್ತದೆ ಎಂದು ಡಾಕ್ಟರ್ ಮಾತು ಕೊಡಲಿಲ್ಲ. ಇನ್ನೂ ಕೆಡದ ಹಾಗೆ ನೋಡಿಕೊಳ್ಳೋಣ ಅಂದರು. ಇದರಲ್ಲಿ ಒಂದನ್ನೂ ಬಿಟ್ಟಿಲ್ಲ.

ಇವತ್ತು ಬೆಳಿಗ್ಗೆ ಬಂದದ್ದು ವಿಮಾನದಲ್ಲೇ. ಬದಲಿಗೆ ಬೇರೊಂದನ್ನು ಕಳಿಸಿದ್ದಾರೆ. ಗುಬ್ಬಿ ಮುಂದೆ, ನಾನು ಹಿಂದಿನ ಸೀಟು. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಹಿಂದೆ ಕೂತೆ. ಅಲ್ಲಿಂದ ಗುಬ್ಬಿಯ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ ಕಣೋ! ನಾಬ್ ಎಳೆದಳೋ, ತಳ್ಳಿದಳೋ, ಎಂಜಿನ್ ಏನು ಹೇಳುತ್ತಿದೆಯೋ, ಒಂದೂ ತಿಳಿಯದು. ಇಷ್ಟು ವರ್ಷ ಜನ ಹೀಗೆ ಕೂತು ಬಂದರಲ್ಲ ನನ್ನ ಹಿಂದೆ. ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದುಕೊಂಡೆ.

ಪಕ್ಕದಲ್ಲಿ ಮೇಲಿನ ಹಳ್ಳಿಯ ಅಜ್ಜಿ, ಕಣ್ಣಿನ ಆಪರೇಷನ್ನಿಗೆ ಹೊರಟವರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಕೈ ತಡಕಿ ಹಿಡಿದು ಕಿವಿಯ ಹತ್ತಿರ ಬಂದು ಕೂಗಿದರು:

"ಮೊದಲನೇ ಸಲವಾ ತಾಯಿ?"

ನಾನು ಹೂಂ ಅಂದೆ.

"ಹೆದರಬೇಡ. ಈ ಮಗು ಚೆನ್ನಾಗಿ ಹಾರಿಸ್ತದೆ."

ಇಳಿಯುವವರೆಗೂ ಅವರು ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.

ಅಕ್ಕ